ವಾದಿರಾಜ ಭವನದ ಶರಣುಪರ್ವ

ಹೂಂ ಅನ್ನಿ. ಹೂಂಗುಟ್ಟದವರ ಮುಂದೆ ವೀರರ ಕಥೆ ಹೇಳಬಾರದು. ಹೇಳಿದರೆ ವೀರರು ನಡುಗಥೆಯಲ್ಲೇ ಮುನಿಸಿಕೊಂಡು ಎದ್ದುಹೋಗುತ್ತಾರೆ.

ಕೃತಯುಗದಲ್ಲಿ ತಪಸ್ಸಿನಿಂದಲೂ, ತ್ರೇತೆಯಲ್ಲಿ ಬಾಣದಿಂದಲೂ, ದ್ವಾಪರದಲ್ಲಿ ಪಗಡೆಯಿಂದಲೂ ಕೀರ್ತಿಯನ್ನು ಸಂಪಾದಿಸಿದ್ದ ಮಾನವಕುಲವು ಕಲಿಯುಗದ ಈ ಘಟ್ಟಕ್ಕೆ ಬರುವಷ್ಟರಲ್ಲಿ ಬಹಳವಾಗಿ ದಣಿದು, ಶನಿವಾರದ ಪುರವಣಿಯ ಕಡೆಯ ಪುಟದಲ್ಲಿ, ರಾಶಿಫಲಕ್ಕಿಂತ ಕೆಳಗೆ, ಮಂಡಿನೋವಿನ ಎಣ್ಣೆಯ ಜಾಹೀರಾತಿಗಿಂತ ಮೇಲೆ, ಅಂಗೈಯಗಲದ ರಣಭೂಮಿಯೊಂದರಲ್ಲಿ ಅದೇ ಕೀರ್ತಿಯನ್ನು ಅರಸತೊಡಗಿದ್ದ ಕಾಲವದು. ಕಪ್ಪು ಚೌಕದಲ್ಲಿ ಮೌನವಾಗಿಯೂ ಬಿಳಿಯ ಚೌಕದಲ್ಲಿ ಅಕ್ಷರವಾಗಿಯೂ ನೆಲೆಸಿರುವ ತಾಯೇ, ನಾಲಗೆಯ ತುದಿಯವರೆಗೆ ಬಂದು ಹೊರಬೀಳಲು ಒಲ್ಲೆನೆನ್ನುವ ಪದಗಳನ್ನೆಲ್ಲ ಸೆರಗಿನ ಗಂಟಿನಲ್ಲಿ ಕಟ್ಟಿಟ್ಟುಕೊಂಡಿರುವ ಜಾಣೆಯೇ, ಆ ಗಂಟನ್ನು ಸ್ವಲ್ಪ ಸಡಿಲಿಸು. ನೀಲನದೀನದಹ್ರದಲೇಖನಧುರಂಧರನೂ, ಅಳಿಸುರಬ್ಬರಪರಾಙ್ಮುಖನೂ, ಶರಣೆಂಬ ಶಬ್ದವನ್ನು ಕೇಳಿಯೇ ಬಲ್ಲವನಲ್ಲದೆ ಆಡಿ ಅರಿಯದವನೂ ಆದ ಭಕ್ತವತ್ಸಲನ ಕಥೆಯನ್ನು ಹೇಳಬೇಕಾಗಿದೆ.

ಯಾರು ಈ ಭಕ್ತವತ್ಸಲ ಎಂದರೆ, ಮೈಸೂರಿನ ಚಾಮುಂಡಿಪುರಂ ಬಡಾವಣೆಯಲ್ಲಿ, ಹಸಿರು ಗೇಟಿನ ಮನೆಯಲ್ಲಿ, ಅಂಬುಜಮ್ಮನೆಂಬ ಪತ್ನಿಯೊಡನೆ ವಾಸಿಸುವ ನಿವೃತ್ತ ನಕಾಶೆಗಾರ. ನೀರಾವರಿ ಇಲಾಖೆಯಲ್ಲಿ ಎತ್ತರದ ಸ್ಟೂಲಿನ ಮೇಲೆ ಕುಳಿತು, ಬೆನ್ನು ಬಿಲ್ಲಾಗುವವರೆಗೂ, ಈ ನಾಡಿನ ಹೊಳೆ ಹಳ್ಳ ಕಾಲುವೆಗಳನ್ನೆಲ್ಲ ಕಾಗದದ ಮೇಲೆ ನೀಲಿ ಶಾಯಿಯಲ್ಲಿ ಹರಿಸಿದವನು. ಅವನು ಹರಿಸದೆ ಬಿಟ್ಟ ಹೊಳೆಯಿಲ್ಲ, ಇಲ್ಲದ ಹೊಳೆಯನ್ನು ಹರಿಸಿದ್ದೂ ಇಲ್ಲ. ಅವನು ನಿವೃತ್ತನಾದ ಕೆಲವೇ ದಿನಗಳಲ್ಲಿ ಇಲಾಖೆಗೆ ಕಂಪ್ಯೂಟರುಗಳು ಬಂದವು. ಒಮ್ಮೆ ಪಿಂಚಣಿಯ ಕಾಗದಕ್ಕೆ ಸಹಿ ಹಾಕಿಸಲು ಹೋದಾಗ ನೋಡುತ್ತಾನೆ, ಅವನ ಸ್ಟೂಲಿನ ಮೇಲೆ ಕುಡಿಯುವ ನೀರಿನ ಕ್ಯಾನು ಕುಳಿತಿದೆ. ಅವನನ್ನು ನಿಂತೇ ಇರಿಸಿಕೊಂಡು ಸಹಿ ಹಾಕಿಕೊಟ್ಟರು. ಅಂದಿನಿಂದ ಈ ಭೂಮಂಡಲದಲ್ಲಿ ತನ್ನದೆಂದು ಹೇಳಿಕೊಳ್ಳಬಹುದಾದ ಒಂದು ಆಸನ ಅವನಿಗೆ ಉಳಿದಿದ್ದರೆ, ಅದು ವಾದಿರಾಜ ಭವನದಲ್ಲಿ ಫ್ಯಾನಿನ ಕೆಳಗಿದ್ದ ಕುರ್ಚಿ ಮಾತ್ರ.

ಆ ಕುರ್ಚಿಯ ಮಹಿಮೆಯನ್ನು ಹೇಳುತ್ತೇನೆ, ಹೂಂ ಅನ್ನಿ.

ಊರಿನಲ್ಲಿ 'ಪ್ರಭಾತ ದುಂದುಭಿ' ಎಂಬ ಪತ್ರಿಕೆ. ಅದರಲ್ಲಿ ಶನಿವಾರಕ್ಕೊಂದು ಗೂಢ ಪದಬಂಧ. ಸಾಧಾರಣ ಪದಬಂಧದಲ್ಲಿ 'ಹೂವಿನ ರಾಜ' ಎಂದು ಕೇಳಿದರೆ ಗುಲಾಬಿ ಎಂದು ತುಂಬಿ ಕಾಫಿ ಕುಡಿಯಬಹುದು. ಗೂಢ ಪದಬಂಧದಲ್ಲಿ ಸುಳುಹು ಒಂದನ್ನು ಹೇಳುತ್ತಾ ಇನ್ನೊಂದನ್ನು ಅಡಗಿಸುತ್ತದೆ, ಪದಗಳು ತಲೆಕೆಳಗಾಗಿ ನಿಲ್ಲುತ್ತವೆ, ಒಂದರ ಹೊಟ್ಟೆಯೊಳಗೆ ಇನ್ನೊಂದು ಮಲಗಿರುತ್ತದೆ, ಕಾಫಿ ಆರಿಹೋಗುತ್ತದೆ. ಇದರ ಹುಚ್ಚು ಹಿಡಿದ ಐವರು ಸೇರಿ 'ಪದಬಂಧ ಬಳಗ' ಎಂಬ ವಾಟ್ಸಾಪ್ ಗುಂಪು ಮಾಡಿಕೊಂಡಿದ್ದರು. ಬಳಗದ ಧರ್ಮಶಾಸ್ತ್ರ ಕಠೋರ. ಉತ್ತರ ಹೊಳೆಯದೆ ಸಿಕ್ಕಿಕೊಂಡವರು ಗುಂಪಿನಲ್ಲಿ ಎಲ್ಲರಿಗೂ ಕಾಣುವಂತೆ 'ಶರಣು' ಎಂದು ಬರೆಯಬೇಕು. ಬರೆದ ಕೂಡಲೇ ಉಳಿದವರು ಇಲ್ಲದ ದಯೆಯನ್ನೆಲ್ಲ ತಂದುಕೊಂಡು, ಉತ್ತರವನ್ನು ಮಾತ್ರ ಹೇಳದೆ, ಎಳೆಎಳೆಯಾಗಿ ದಾರಿ ತೋರಿಸಬೇಕು. ಭಾನುವಾರ ಬೆಳಿಗ್ಗೆ ವಾದಿರಾಜ ಭವನದಲ್ಲಿ ಬಳಗ ಸೇರಿದಾಗ, ಶರಣೆನ್ನದೆ ಎಲ್ಲರಿಗಿಂತ ಮೊದಲು ಮುಗಿಸಿದವರಿಗೆ ಮೇಜಿನ ತಲೆಯ ಕಡೆ, ಫ್ಯಾನಿನ ಕೆಳಗೆ, ಕೈಯಿರುವ ಒಂದೇ ಒಂದು ಕುರ್ಚಿ ಮತ್ತು ಕಾವಲಿಯಿಂದ ಎದ್ದ ಮೊದಲ ಬೆಣ್ಣೆದೋಸೆ. ಶರಣೆಂದವರಿಗೆ ಕೈ ತೊಳೆಯುವ ತೊಟ್ಟಿಯ ಪಕ್ಕದ ಬೆಂಚು. ಬಂದು ಹೋಗುವವರು ಕೈ ಕೊಡವಿದಾಗ ಬೀಳುವ ತೀರ್ಥ ಅವರ ಬೆನ್ನಿಗೆ.

ಜ್ವರದಿಂದ ಮಲಗಿದ್ದ ಒಂದು ದೀಪಾವಳಿಯನ್ನು ಬಿಟ್ಟರೆ ಭಕ್ತವತ್ಸಲನು ಆ ಕುರ್ಚಿಯಿಂದ ಕೆಳಗಿಳಿದವನಲ್ಲ.

ಹೀಗಿರಲಾಗಿ ಚೈತ್ರಮಾಸದ ಒಂದು ಶನಿವಾರ, ಸೂರ್ಯನು ಎದುರುಮನೆಯ ನೀರಿನ ಟ್ಯಾಂಕಿನ ಹಿಂದಿನಿಂದ ಏಳುತ್ತಿರಲಾಗಿ, ಪ್ರಭಾತ ದುಂದುಭಿಯು ಗೇಟಿನ ಕಂಬಿಗಳ ನಡುವಿನಿಂದ ತೂರಿಬಂದು ತುಳಸಿಕಟ್ಟೆಯ ಬುಡದಲ್ಲಿ ಬಿತ್ತು. ಭಕ್ತವತ್ಸಲನು ಕನ್ನಡಕವೆಂಬ ಶಿರಸ್ತ್ರಾಣವನ್ನು ಧರಿಸಿ, ಸೊಂಟಕ್ಕೆ ಟವೆಲನ್ನು ಬಿಗಿದು, ನಿಘಂಟೆಂಬ ಗದೆಯನ್ನು ಎಡತೊಡೆಯ ಮೇಲೂ ಶಾಯಿಯ ಪೆನ್ನೆಂಬ ಖಡ್ಗವನ್ನು ಬಲಗೈಯಲ್ಲೂ ಹಿಡಿದು ಜಗುಲಿಯಲ್ಲಿ ಕುಳಿತನು. ಪೆನ್ಸಿಲ್ಲನ್ನು ಅವನು ಮುಟ್ಟುವವನಲ್ಲ. ಅಳಿಸಿ ತಿದ್ದುವುದು ಅಂಜುಕುಳಿಗಳ ಕೆಲಸವೆಂದು ತಿಳಿದವನು. ಕುಳಿತವನು ಒಂದೊಂದು ಸುಳುಹನ್ನೂ ಕತ್ತರಿಸುತ್ತಾ, ಮೇಲಿನಿಂದ ಕೆಳಕ್ಕೂ ಎಡದಿಂದ ಬಲಕ್ಕೂ ನುಗ್ಗುತ್ತಾ, ಉಪ್ಪಿಟ್ಟು ತಣ್ಣಗಾಗುವಷ್ಟರಲ್ಲಿ ಇಡೀ ರಣಾಂಗಣವನ್ನು ನೀಲಿಮಯವಾಗಿ ಮಾಡಿ, ಕೆಳಗಿನ ಎಡಮೂಲೆಯ ಕಟ್ಟಕಡೆಯ ಸುಳುಹಿನ ಮುಂದೆ ಬಂದು ನಿಂತನು. ಅದು ಹೀಗಿತ್ತು:

'ದಿನವನ್ನು ಹಿಂದುಮುಂದು ಮಾಡಿದರೆ ಹರಿದು ಹೋಗುತ್ತಾಳೆ.'

ಭಕ್ತವತ್ಸಲನು ನಕ್ಕನು. ದಿನವನ್ನು ತಿರುಗಿಸಿದರೆ ನದಿ. ಎರಡನೆಯ ತರಗತಿಯ ಮಗುವಿಗೂ ಹೊಳೆಯುತ್ತದೆ. ಬರೆಯಲೆಂದು ಖಡ್ಗವನ್ನು ಇಳಿಸಿದವನು ಅರ್ಧದಲ್ಲೇ ತಡೆದುಕೊಂಡನು. ಮನೆಗಳು ಮೂರಿದ್ದವು.

ಪದಬಂಧದವರು ಬಿಳಿಯ ಚೌಕವನ್ನು ಮನೆ ಎನ್ನುತ್ತಾರೆ. ಒಂದು ಮನೆಗೆ ಒಂದು ಅಕ್ಷರ. ಎಷ್ಟಕ್ಷರದ ಪದವೆಂದು ಸುಳುಹಿನ ಪಕ್ಕದಲ್ಲಿ ಬರೆಯುವ ಔದಾರ್ಯ ದುಂದುಭಿಯ ಪದಬಂಧಕಾರನಿಗೆ ಇರಲಿಲ್ಲ, ಮನೆಗಳನ್ನು ಎಣಿಸಿಕೊಂಡೇ ತಿಳಿಯಬೇಕು. ಆ ಮೂಲೆಗೋ ಮೇಲಿನಿಂದ ಬೇರಾವ ಪದವೂ ಇಳಿದು ಬಂದು ಕೈಹಿಡಿಯುತ್ತಿರಲಿಲ್ಲ. ಸುತ್ತಲೂ ಕಪ್ಪುಚೌಕಗಳ ಕೋಟೆ. ಆ ಕೋಟೆಯೊಳಗೆ ಮೂರು ಬಿಳಿಯ ಮನೆಗಳು, ಬಾಗಿಲು ತೆರೆದುಕೊಂಡು, ಯಾರಾದರೂ ಬನ್ನಿ ಎನ್ನುವಂತೆ.

'ಓಹೋ' ಎಂದುಕೊಂಡನು ವೀರನು. 'ಮಕ್ಕಳನ್ನು ಕೆಡವಲು ತೋಡಿದ ಗುಂಡಿಯಿದು. ಇದರಲ್ಲಿ ನಾನು ಬೀಳುವವನಲ್ಲ.'

ಇಲ್ಲಿಂದ ಶುರುವಾಯಿತು ನೋಡಿ ಆ ಘೋರಸಮರ. ದಿನಕ್ಕೆ ಇನ್ನೊಂದು ಹೆಸರು ಹಗಲು, ತಿರುಗಿಸಿದರೆ ಲುಗಹ. ಲುಗಹವೆಂಬ ನದಿ ಆಫ್ರಿಕಾದ ಕಾಡಿನಲ್ಲಿ, ಮೊಸಳೆಗಳ ಸಮೇತ, ಇದ್ದರೂ ಇರಬಹುದೆಂದು ಅವನಿಗೆ ಒಂದು ಕ್ಷಣ ಅನ್ನಿಸಿತು. ವಾಸರವನ್ನು ತಿರುಗಿಸಿದರೆ ರಸವಾ. ದಿವಸವನ್ನು ತಿರುಗಿಸಿದರೆ ಸವದಿ. ಸವದಿ. ಆಹಾ, ಬಾಯಲ್ಲಿ ಎಷ್ಟು ಚೆನ್ನಾಗಿ ಹರಿಯುತ್ತದೆ. ಆದರೆ ಹಾಗೊಂದು ನದಿಯನ್ನು ಅವನು ಎಂದೂ ಬರೆದಿರಲಿಲ್ಲ. ಸೂರ್ಯನು ನೆತ್ತಿಗೆ ಬಂದನು, ನೆತ್ತಿಯಿಂದ ಇಳಿದನು, ಅಕ್ಷರಗಳು ಬೀಳಲಿಲ್ಲ. ನಡುನಡುವೆ ಫೋನನ್ನು ತೆರೆದು ಬಳಗದ ಗುಂಪನ್ನು ನೋಡಿದರೆ ಅಲ್ಲಿ ಶ್ಮಶಾನಮೌನ. ಯಾರೂ ಶರಣೆಂದಿರಲಿಲ್ಲ. ಅಂದರೆ ಎಲ್ಲರೂ ಮುಗಿಸಿ ಕೂತಿದ್ದಾರೆ.



ಅಷ್ಟರಲ್ಲಿ ಅಂಬುಜಮ್ಮನು ಒಳಗಿನಿಂದ ಬಂದು, "ಮಿಕ್ಸಿ ಜಾರು ತಿರುಗ್ತಿಲ್ಲ, ಒಂಚೂರು ನೋಡಿ ಅಂತ ಬೆಳಿಗ್ಗೆಯಿಂದ ಹೇಳ್ತಿದೀನಿ," ಎಂದಳು.

ಭಕ್ತವತ್ಸಲನು ಎದ್ದು ನಿಂತನು. ಎದ್ದು ನಿಂತು ಗರ್ಜಿಸಿದ್ದನ್ನು ಕವಿಯ ಭಾಷೆಯಲ್ಲಿ ಹೇಳುವುದಾದರೆ ಹೀಗೆ: "ಎಲೌ ಪದ್ಮದಳಾಯತನೇತ್ರೆ, ಸಹ್ಯಾದ್ರಿಯ ಶಿಖರದಿಂದ ಸಾಗರದ ತೆರೆಯವರೆಗೆ ಹರಿಯುವ ಸಮಸ್ತ ಜಲವನ್ನೂ ಈ ನನ್ನ ಕಿರುಬೆರಳಿನ ಅಂಚಿನಲ್ಲಿ ಅಳೆದವನು ನಾನು, ನನ್ನ ಲೇಖನಿಯ ಅಪ್ಪಣೆಯಿಲ್ಲದೆ ಒಂದು ತೊರೆಯೂ ತಿರುವು ಪಡೆದದ್ದಿಲ್ಲ, ಅಂಥ ನಾನು ಇಂದು ಮೂರು ಮನೆಯ ಹೊಳೆಯೊಂದಕ್ಕೆ ಬೆನ್ನು ತೋರಿಸಿದೆನೆಂದರೆ ನಾಳೆ ಉದಯಿಸುವ ಸೂರ್ಯನಿಗೆ ಯಾವ ಮುಖವನ್ನು ತೋರಿಸಲಿ?" ಅವನ ಬಾಯಿಂದ ನಿಜವಾಗಿ ಹೊರಟದ್ದು ಇಷ್ಟು: "ಸ್ವಲ್ಪ ಸುಮ್ನಿರ್ತೀಯಾ ಅಂಬುಜ, ಒಂದು ಹೊಳೆ ಹುಡುಕ್ತಿದೀನಿ."

"ಹೊಳೆ ಆಮೇಲೆ ಹುಡುಕಿ. ಚಟ್ನಿ ರುಬ್ಬಬೇಕು."

"ಗೊತ್ತಾಗಿಲ್ಲ ಅಂದ್ರೆ ನಾಳೆ ಬೆಂಚು ಕಣೇ."

"ಯಾವ ಬೆಂಚು?"

"ಕೈ ತೊಳೆಯೋ ಬೆಂಚು."

ಅಂಬುಜಮ್ಮನು ಅವನ ಮುಖವನ್ನೊಮ್ಮೆ ನೋಡಿದಳು. ನಗಬೇಕೆಂದಿದ್ದವಳು ನಗಲಿಲ್ಲ. "ಗೊತ್ತಾಗಿಲ್ಲ ಅಂದ್ರೆ ಗೊತ್ತಿರೋರನ್ನ ಕೇಳ್ಬೇಕಪ್ಪ. ನಮ್ಮ ಚಂದ್ರಚೂಡನ್ನ ಕೇಳಿ. ಅವ್ನೂ ಅದೇ ಗೀಳಿನೋನು ತಾನೇ?"

ಚಂದ್ರಚೂಡ. ಈ ಹೆಸರು ಕಿವಿಗೆ ಬಿದ್ದಾಗ ಭಕ್ತವತ್ಸಲನ ಹುಬ್ಬುಗಳು ಧನುಸ್ಸಿನಂತೆ ಬಾಗಿದವು. ಅಂಬುಜಮ್ಮನ ತಂಗಿ ವನಜಳ ಗಂಡ. ಅಂದರೆ ಭಕ್ತವತ್ಸಲನ ಷಡ್ಡಕ. ಇಬ್ಬರೂ ಬಳಗದ ಸದಸ್ಯರು. ಒಂದೇ ಮಾವನ ಮನೆಯಲ್ಲಿ ಎರಡು ಮಣೆ ಹಾಕಿಸಿಕೊಂಡು ಕುಳಿತ ಕಾಲದಿಂದಲೂ ಯಾರ ಎಲೆಗೆ ತುಪ್ಪ ಮೊದಲು ಬಿತ್ತೆಂದು ಓರೆಗಣ್ಣಿನಲ್ಲಿ ನೋಡಿಕೊಂಡೇ ಬಂದವರು. ಆ ದೀಪಾವಳಿಯ ವಾರ ಸಿಂಹಾಸನವೇರಿದವನು ಇವನೇ. ಶತ್ರುವಿನಿಂದ ಸಹಾಯವನ್ನು ಕೇಳುವುದು ಕ್ಷತ್ರಿಯಧರ್ಮವಲ್ಲ. ಆದರೆ ಕೇಳದೆಯೇ ಕೇಳಿಬಿಡುವುದಕ್ಕೆ ಯಾವ ಶಾಸ್ತ್ರದಲ್ಲೂ ಅಡ್ಡಿಯಿಲ್ಲ. ಸಂಜೆಯ ದೀಪ ಹಚ್ಚುವ ಹೊತ್ತಿಗೆ ಭಕ್ತವತ್ಸಲನು ಫೋನನ್ನು ಕೈಗೆತ್ತಿಕೊಂಡನು.

"ಏನಪ್ಪಾ ಚಂದ್ರಚೂಡ, ವನಜನ ಮಂಡಿ ಹೇಗಿದೆ?"

"ಮಂಡಿ ಇದ್ದಲ್ಲೇ ಇದೆ ಭಾವ," ಎಂದನು ಚಂದ್ರಚೂಡ. ಹೆಂಡತಿ ಕರೆಯುವಂತೆ ಅವನೂ ಭಾವನೆಂದೇ ಕರೆಯುವವನು. "ಏನು, ಇದ್ದಕ್ಕಿದ್ದ ಹಾಗೆ ಮಂಡಿ ನೆನಪಾಯ್ತು?"

"ಸುಮ್ನೆ ಕೇಳ್ದೆ. ಮತ್ತೆ, ತಿಂಡಿ ಆಯ್ತಾ?"

"ದೀಪ ಹಚ್ಚೋ ಹೊತ್ತಲ್ಲಿ ಯಾವ ತಿಂಡಿ ಭಾವ?" ಆ ಕಡೆಯ ದನಿ ತಟ್ಟನೆ ತಗ್ಗಿತು. "ನಿಮ್ದು ಆಯ್ತಾ?"

"ಯಾವುದು?"

"ಅದೇ. ತಿಂಡಿ."

"ಆಗ್ತಾ ಬಂತು. ಒಂದೇ ಒಂದು ತುತ್ತಿದೆ ತಟ್ಟೇಲಿ."

"ನಂದೂ ಒಂದೇ ತುತ್ತು ಭಾವ," ಎಂದು ಚಂದ್ರಚೂಡನು ಆತುರದಿಂದ ಹೇಳಿ, ಹೇಳಿದ್ದು ಹೆಚ್ಚಾಯಿತೆಂದು ತಿಳಿದು, "ಅಂದ್ರೆ, ಅದೂ ಬಾಯಲ್ಲೇ ಇದೆ ಅನ್ನಿ. ನುಂಗೋದೊಂದು ಬಾಕಿ," ಎಂದು ಸೇರಿಸಿದನು.

"ನಂದೂ ಗಂಟಲಿಗಿಳೀತು," ಎಂದು ಭಕ್ತವತ್ಸಲನು ಪ್ರತ್ಯಸ್ತ್ರವನ್ನು ಬಿಟ್ಟನು. "ಸರಿ, ನಾಳೆ ಸಿಗೋಣ. ಮಂಡಿಗೆ ಎಳ್ಳೆಣ್ಣೆ ತಿಕ್ಕೋಕೆ ಹೇಳು."

ಅಡುಗೆಮನೆಯಿಂದ ಎಲ್ಲವನ್ನೂ ಕೇಳಿಸಿಕೊಂಡ ಅಂಬುಜಮ್ಮನು, "ಯಾವ ತುತ್ತು ರೀ? ಬೆಳಗಿನ ಉಪ್ಪಿಟ್ಟೇ ಇನ್ನೂ ಡಬ್ಬೀಲಿದೆ," ಎಂದಳು.

ಹೀಗೆ ಆ ಶನಿವಾರವು ಅಸ್ತಮಿಸಿತು. ಭಾನುವಾರ ಬೆಳಗಾಯಿತು. ವಾದಿರಾಜ ಭವನದ ಕಾವಲಿಯ ಮೇಲೆ ನೀರು ಚಿಮುಕಿಸಿದಾಗ ಏಳುವ ಚುಂಯ್ ಎಂಬ ಶಂಖನಾದವು ಬೀದಿಯ ಕೊನೆಯವರೆಗೂ ಮೊಳಗಿತು. ಮಹಾರಥಿಗಳು ಒಬ್ಬೊಬ್ಬರಾಗಿ ಬಂದರು. ಹಿಂದೆಲ್ಲ ಪತ್ರಿಕೆಯನ್ನು ಧ್ವಜದಂತೆ ಕಂಕುಳಲ್ಲಿ ಹಿಡಿದು ಬರುತ್ತಿದ್ದವರು ಅಂದು ಬರಿಗೈಯಲ್ಲಿ ಬಂದರು.

ಮೊದಲು ಬಂದವರು ಗಡಿಯಾರ ರಿಪೇರಿಯ ರಿಯಾಜ್ ಸಾಹೇಬರು. "ಪೇಪರ್ ಮನೇಲೇ ಉಳೀತು. ನಮ್ಮನೆಯೋರು ಅದರ ಮೇಲೆ ಸಂಡಿಗೆ ಇಟ್ಬಿಟ್ಟಿದಾರೆ," ಎಂದರು. ಅವರ ಹಿಂದೆ ಹೋಮಿಯೋಪತಿಯ ಡಾಕ್ಟರ್ ಮುದ್ದುಕೃಷ್ಣ. "ನಂದು ಯಾರೋ ಪೇಷೆಂಟು ಓದೋಕೆ ಅಂತ ತಗೊಂಡೋದ್ರು," ಎಂದು ಹೇಳಿ ಗೋಡೆಯ ಕ್ಯಾಲೆಂಡರನ್ನು ಆಸಕ್ತಿಯಿಂದ ನೋಡತೊಡಗಿದರು. ಚಂದ್ರಚೂಡನು, ತನ್ನ ಮನೆಗೆ ಹಿಂದಿನ ದಿನ ಪತ್ರಿಕೆಯೇ ಬರಲಿಲ್ಲವೆಂದೂ, ಆದರೂ ಪದಬಂಧವನ್ನು ಮುಗಿಸಿರುವೆನೆಂದೂ ಒಂದೇ ಉಸಿರಿನಲ್ಲಿ ಹೇಳಿದನು. ಕಡೆಯಲ್ಲಿ ಬಂದವರು ಎಲಿಜಬೆತ್ ಮೇಡಂ. ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಹೆಡ್ ಮಿಸ್ಟ್ರೆಸ್ ಆಗಿ ನಿವೃತ್ತರಾದ, ಬಳಗದ ಧರ್ಮಾಧಿಕಾರಿಣಿ. ಯಾರು ಕುರ್ಚಿಗೆ, ಯಾರು ಬೆಂಚಿಗೆ ಎಂದು ನಿರ್ಣಯಿಸುವವರು ಅವರೇ. ಬೆಳಗಿನ ಪೂಜೆ ಮುಗಿಸಿ ನೇರವಾಗಿ ಬಂದಿದ್ದರು. "ನನ್ನ ಪೇಪರ್ ಚರ್ಚಿನ ಬೆಂಚಿನ ಮೇಲೇ ಬಿಟ್ಟು ಬಂದೆ ಅನ್ಸುತ್ತೆ," ಎಂದಾಗ ಅವರ ಧ್ವನಿ ಎಂದಿನಷ್ಟು ಗಟ್ಟಿಯಾಗಿರಲಿಲ್ಲ.

ಭಕ್ತವತ್ಸಲನು ಮಾತ್ರ ಯಾವ ನೆವವನ್ನೂ ಹೇಳದೆ ತನ್ನ ಸಿಂಹಾಸನದ ಹಿಂದೆ, ಅದರ ಬೆನ್ನಿನ ಮೇಲೆ ಕೈಯಿಟ್ಟು ನಿಂತನು. ಕುಳಿತುಕೊಳ್ಳುವ ಹಾಗಿಲ್ಲ, ನಿರ್ಣಯವಾಗಬೇಕು. ಒಳಗೆ ವಾದಿರಾಜ ಭಟ್ಟರು ಮೊದಲ ಹಿಟ್ಟನ್ನು ಕಾವಲಿಗೆ ಹೊಯ್ದು ಸೌಟನ್ನು ತಿರುಗಿಸುವುದು ಕೇಳಿಸಿತು.

"ಯಾರ್ಯಾರು ಮುಗಿಸಿದೀರಿ?" ಎಂದರು ಮೇಡಂ.

"ನಾನು," ಎಂದನು ಚಂದ್ರಚೂಡ.

"ನಾನು," ಎಂದನು ಭಕ್ತವತ್ಸಲ. ಅವನಿಗೇ ತನ್ನ ದನಿ ದೂರದಿಂದ ಬಂದಂತೆ ಕೇಳಿಸಿತು.

"ಕೊನೇದು? ಆ ಹರಿದು ಹೋಗೋದು?"

ಷಡ್ಡಕರಿಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಚಂದ್ರಚೂಡನು ಎದೆಯುಬ್ಬಿಸಿದನು. "ರಸವಾ," ಎಂದನು. "ವಾಸರ ತಿರುಗಿಸಿದ್ರೆ ರಸವಾ. ಹಳೇ ಪುರಾಣದಲ್ಲಿ ಬರುತ್ತೆ. ಹಿಮಾಲಯದ ಆ ಕಡೆ. ಈಗ ಬತ್ತಿಹೋಗಿದೆ, ಅದಕ್ಕೇ ಯಾರಿಗೂ ಗೊತ್ತಿಲ್ಲ."

"ಯಾವ ಪುರಾಣ?" ಎಂದನು ಭಕ್ತವತ್ಸಲ.

"ಅದೆಲ್ಲ ಈಗ ಯಾಕೆ ಭಾವ. ನಿಮ್ದೇನು?"

"ಸವದಿ," ಎಂದನು ಭಕ್ತವತ್ಸಲ. "ದಿವಸ ತಿರುಗಿಸಿದ್ರೆ ಸವದಿ."

ಸವದಿ ಮತ್ತು ರಸವಾ ಎಂಬ ಆ ಎರಡು ಮಹಾನದಿಗಳು, ಆವರೆಗೆ ಭೂಮಿಯ ಮೇಲೆ ಒಂದು ಹನಿಯನ್ನೂ ಚೆಲ್ಲಿರದವು, ವಾದಿರಾಜ ಭವನದ ಅಮೃತಶಿಲೆಯ ಮೇಜಿನ ಮೇಲೆ ಎದುರುಬದುರಾಗಿ ನಿಂತು ಭೋರ್ಗರೆದವು. ರಿಯಾಜ್ ಸಾಹೇಬರು ಸವದಿಯ ಪಕ್ಷವನ್ನು ವಹಿಸಿದರು. ಡಾಕ್ಟರರು ರಸವಾದ ನೀರಿಗೆ ಔಷಧೀಯ ಗುಣವಿತ್ತೆಂದು ಎಲ್ಲೋ ಓದಿದ ನೆನಪು ಮಾಡಿಕೊಂಡರು. ಒಬ್ಬೊಬ್ಬರಿಗೂ ತಮಗೆ ಗೊತ್ತಿಲ್ಲವೆಂಬುದು ಗೊತ್ತಿತ್ತು. ಉಳಿದವರಿಗೆ ಗೊತ್ತಿದೆಯೆಂಬ ಭಯವಿತ್ತು. ಆ ಭಯದ ಬೀಜದಿಂದಲೇ ಎರಡು ನದಿಗಳ ದಂಡೆಯ ಮೇಲೂ ಊರುಗಳು, ದೇವಸ್ಥಾನಗಳು, ಒಂದೆರಡು ಸ್ನಾನಘಟ್ಟಗಳು ನೋಡುನೋಡುತ್ತಿದ್ದಂತೆ ಎದ್ದವು.

ಎಲಿಜಬೆತ್ ಮೇಡಂ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಆಮೇಲೆ ಭಕ್ತವತ್ಸಲನ ಕಡೆ ತಿರುಗಿ, ಶಾಲೆಯಲ್ಲಿ ಕೇಳುತ್ತಿದ್ದಷ್ಟೇ ಮೆಲ್ಲಗೆ ಕೇಳಿದರು: "ಭಕ್ತವತ್ಸಲ ಅವ್ರೇ, ನದಿ ವಿಷಯದಲ್ಲಿ ನಮ್ಮಲ್ಲಿ ನಿಮ್ಮನ್ನ ಬಿಟ್ರೆ ಇನ್ಯಾರ ಮಾತನ್ನ ನಂಬೋದು. ನೀವು ಇದೆ ಅಂದ್ರೆ ಇದೆ. ಸವದಿ ಎಲ್ಲಿ ಹರಿಯುತ್ತೆ?"

ಹೂಂ ಅನ್ನಿ, ಇಲ್ಲಿ ಒಂದು ಸಲ ಗಟ್ಟಿಯಾಗಿ ಹೂಂ ಅನ್ನಿ.

ಕುರ್ಚಿಯ ಬೆನ್ನಿನ ಮೇಲಿದ್ದ ಕೈ ಬಿಗಿಯಿತು. ಹೇಳಿಬಿಡಬಹುದಾಗಿತ್ತು. ಬಿಜಾಪುರದ ಆ ಕಡೆ ಎಲ್ಲೋ ಹುಟ್ಟಿ, ಬೇಸಿಗೆಯಲ್ಲಿ ಒಣಗಿ, ಮಳೆಗಾಲದಲ್ಲಿ ಯಾವುದೋ ದೊಡ್ಡ ಹೊಳೆಯನ್ನು ಸೇರುತ್ತದೆ ಎಂದರೆ ಮುಗಿಯಿತು, ಯಾರು ನೋಡಲು ಹೋಗುತ್ತಾರೆ? ಕುರ್ಚಿ ಉಳಿಯುತ್ತದೆ. ಭಕ್ತವತ್ಸಲನು ಬಾಯಿ ತೆರೆದನು. ಆಗ ಅವನ ಕಣ್ಣೆದುರಿಗೆ, ಎತ್ತರದ ಸ್ಟೂಲಿನಿಂದ ಬಾಗಿ ನೋಡಿದಂತೆ, ಬಿಳಿಯ ಹಾಳೆಯೊಂದು ಬಿಚ್ಚಿಕೊಂಡಿತು. ಅದರ ಮೇಲೆ ಅವನು ಬರೆದ ಹೊಳೆಗಳೆಲ್ಲ ನೀಲಿಯಾಗಿ, ತಮ್ಮ ತಮ್ಮ ತಿರುವಿನಲ್ಲಿ, ತಮ್ಮ ತಮ್ಮ ಹೆಸರಿನ ಪಕ್ಕದಲ್ಲಿ ಹರಿಯುತ್ತಿದ್ದವು. ಸವದಿಯನ್ನು ಎಲ್ಲಿ ಸೇರಿಸಬೇಕೆಂದು ಹುಡುಕಿದನು. ಪೆನ್ನು ಹಾಳೆಯ ಮೇಲೆಲ್ಲ ಅಲೆಯಿತು. ಎಲ್ಲೂ ಇಳಿಯಲಿಲ್ಲ.

"ಹರಿಯಲ್ಲ," ಎಂದನು.

"ಏನಂದ್ರಿ?"

"ಸವದಿ ಅಂತ ನದಿ ಇಲ್ಲ ಮೇಡಂ. ನಾನು ಬರೆದಿಲ್ಲ. ನಂಗೆ ಕೊನೇದು ಬರ್ಲಿಲ್ಲ." ಆಮೇಲೆ ಕುರ್ಚಿಯಿಂದ ಕೈ ತೆಗೆದು, ಇಷ್ಟು ವರ್ಷ ಬೇರೆಯವರ ಬಾಯಲ್ಲಿ ಕೇಳಿ ಗೊತ್ತಿದ್ದ ಮಾತನ್ನು ತನ್ನ ಬಾಯಲ್ಲಿ ಹೇಳಿದನು. "ಶರಣು."

ದೇವತೆಗಳು ಹೂಮಳೆಯನ್ನು ಸುರಿಸಲಿಲ್ಲ. ತೊಟ್ಟಿಯ ನಲ್ಲಿ ತೊಟಕ್ ತೊಟಕ್ ಎನ್ನುತ್ತಿತ್ತು. ಭಕ್ತವತ್ಸಲನು ಹೋಟೆಲಿನ ಆ ತುದಿಯಿಂದ ಈ ತುದಿಗೆ ನಡೆದು, ಬೆಂಚಿನ ಮೇಲೆ, ಸರಿಯಾಗಿ ನಲ್ಲಿಯ ಪಕ್ಕದಲ್ಲಿ, ಕುಳಿತನು.

ಆಮೇಲೆ ಚಂದ್ರಚೂಡನು ಗಂಟಲು ಸರಿಪಡಿಸಿಕೊಂಡು, "ರಸವಾ ಕೂಡ ಅಷ್ಟು ಖಾತ್ರಿ ಇಲ್ಲ," ಎಂದನು. "ನಂದೂ ಶರಣು ಅನ್ನಿ."

"ಸಂಡಿಗೆ ಗಿಂಡಿಗೆ ಏನೂ ಇಟ್ಟಿಲ್ಲ," ಎಂದು ರಿಯಾಜ್ ಸಾಹೇಬರು ಜೇಬಿನಿಂದ ಮಡಿಸಿದ ಪತ್ರಿಕೆಯನ್ನು ತೆಗೆದರು. "ಶರಣು."

ಡಾಕ್ಟರ ಪತ್ರಿಕೆ ಔಷಧಿಯ ಚೀಲದಿಂದ ಬಂತು. ಚಂದ್ರಚೂಡನದು ಅಂಗಿಯ ಒಳಗಿನಿಂದ, ಹೊಟ್ಟೆಗೆ ಅಂಟಿಕೊಂಡು, ಸ್ವಲ್ಪ ಬೆವರಿ. ಎಲ್ಲರೂ ಮೇಡಂ ಕಡೆ ನೋಡಿದರು. ಅವರು ಬೈಬಲ್ಲಿನ ನಡುವಿನಿಂದ ತಮ್ಮದನ್ನು ತೆಗೆದು, "ಚರ್ಚಿನಲ್ಲಿ ಬಿಟ್ಟೆ ಅಂತ ಸುಳ್ಳು ಹೇಳಿದ್ದಕ್ಕೆ ದೇವರು ಕ್ಷಮಿಸಲಿ. ನಂಗೂ ಬರ್ಲಿಲ್ಲ," ಎಂದರು.

ಹೀಗೆ ಐವರು ಮಹಾರಥಿಗಳೂ ಏಕಕಾಲದಲ್ಲಿ ಶರಣಾಗತರಾಗಿ, ಮೂವರಿಗೆ ಮಾತ್ರ ಮಾಡಿಸಿದ್ದ ಬೆಂಚಿನ ಮೇಲೆ ಒತ್ತಿಕೊಂಡು ಕುಳಿತರು. ಬಳಗದ ಇತಿಹಾಸದಲ್ಲೇ ಇದು ಪ್ರಥಮ. ಶರಣೆಂದವರೆಲ್ಲ ಇದ್ದಾರೆ, ದಾರಿ ತೋರಿಸುವವರು ಯಾರೂ ಇಲ್ಲ. ಧರ್ಮಶಾಸ್ತ್ರದಲ್ಲಿ ಇದಕ್ಕೆ ಪರಿಹಾರವನ್ನು ಬರೆದಿರಲಿಲ್ಲ. ಕಡೆಗೆ ಮೇಡಂ ತಮ್ಮ ಪತ್ರಿಕೆಯನ್ನು ಎಲ್ಲರಿಗೂ ಕಾಣುವಂತೆ ಮುಂದೆ ಒಂದು ಸ್ಟೂಲಿನ ಮೇಲೆ ಹರಡಿ, "ಒಟ್ಟಿಗೇ ನೋಡೋಣ. ನೋಡಿದ್ರೆ ತಪ್ಪೇನು?" ಎಂದರು. ಜಾಗ ಸಾಲದೆ ಭಕ್ತವತ್ಸಲನು ಎದ್ದು ಸ್ಟೂಲಿನ ಆ ಕಡೆ ಹೋಗಿ ನಿಂತನು.

"ದಿವಸ, ವಾಸರ, ಹಗಲು ಆಯ್ತು," ಎಂದರು ಡಾಕ್ಟರು. "ಇನ್ನೇನಿದೆ?"

"ರೋಜ್," ಎಂದರು ರಿಯಾಜ್ ಸಾಹೇಬರು.

"ಅದು ನಿಮ್ಮ ಭಾಷೆ ಸಾಹೇಬ್ರೇ."

"ದಿನಕ್ಕೆ ಭಾಷೆ ಎಲ್ಲಿದೆ ಡಾಕ್ಟ್ರೇ."

ಭಕ್ತವತ್ಸಲನು ಸ್ಟೂಲಿನ ಆ ಕಡೆಯಿಂದ ಬಾಗಿ ನೋಡಿದನು. ಅವನಿಗೆ ಪದಬಂಧವು ತಲೆಕೆಳಗಾಗಿ ಕಾಣುತ್ತಿತ್ತು. ತಲೆಕೆಳಗಾದ ನಕಾಶೆಯನ್ನು ನೋಡಿ ರೂಢಿಯಿದ್ದವನು. ಎದುರಿಗೆ ಕೂತ ಇಂಜಿನಿಯರುಗಳಿಗೆ ತೋರಿಸುತ್ತಾ ಹಾಗೆಯೇ ಓದುತ್ತಿದ್ದವನು. ತನ್ನ ಕಡೆಯಿಂದ ಕೆಳಗಿನ ಎಡಮೂಲೆಯಲ್ಲಿ ಎರಡೇ ಮನೆಗಳಿವೆಯಲ್ಲ ಎಂದುಕೊಂಡನು. ಎರಡು ಮನೆ, ಆಮೇಲೆ ಕಪ್ಪು. ಕತ್ತನ್ನು ಓರೆ ಮಾಡಿ ಎದುರಿನ ಮೂಲೆಯನ್ನು ನೋಡಿದನು. ಅಲ್ಲಿ ಮೂರು. ಮತ್ತೆ ಈ ಮೂಲೆ. ಎರಡು.

"ಮೇಡಂ," ಎಂದನು, "ಇದನ್ನ ಕಟ್ಟೋವಾಗ ಹೇಗೆ ತಿರುಗಿಸಿದ್ರೂ ಒಂದೇ ಥರ ಕಾಣೋ ಹಾಗೆ ಕಟ್ತಾರಲ್ವಾ? ಈ ಮೂಲೇಲಿ ಹೇಗೋ ಎದುರು ಮೂಲೇಲೂ ಹಾಗೆ?"

"ಹೌದು. ಯಾವಾಗ್ಲೂ ಹಾಗೇನೇ."

"ಹಾಗಾದ್ರೆ ಆ ಮೂರನೇ ಮನೆ ಕಪ್ಪಿರಬೇಕಿತ್ತು. ಪ್ರಿಂಟಿನಲ್ಲಿ ಕಪ್ಪು ಬಿದ್ದಿಲ್ಲ."

ಐದು ತಲೆಗಳು ಸ್ಟೂಲಿನ ಮೇಲೆ ಬಾಗಿದವು. ಯಾರೂ ಅದನ್ನು ಬಾಯಿಬಿಟ್ಟು ಹೇಳಲು ಇಷ್ಟಪಡಲಿಲ್ಲ. ಕೊನೆಗೆ ಅತ್ಯಂತ ಸಣ್ಣ ದನಿಯಲ್ಲಿ, ಚರ್ಚಿನಲ್ಲಿ ತಪ್ಪೊಪ್ಪಿಕೊಳ್ಳುವಂತೆ, ಮೇಡಂ ಹೇಳಿದರು. "ನದಿ."

"ನಂಗೆ ಮೊದಲೇ ಹೊಳೆದಿತ್ತು," ಎಂದನು ಚಂದ್ರಚೂಡ.

"ಎಲ್ಲರಿಗೂ ಹೊಳೆದಿತ್ತು ಕಣಪ್ಪ," ಎಂದರು ರಿಯಾಜ್ ಸಾಹೇಬರು. "ಬುದ್ಧಿವಂತರಲ್ವಾ ನಾವು, ಬಿಟ್ವಿ."

ಭಕ್ತವತ್ಸಲನು ಜೇಬಿನಿಂದ ಪೆನ್ನನ್ನು ತೆಗೆದು ಆ ಮೂರನೆಯ ಮನೆಯನ್ನು, ಅಂಚು ಮೀರದಂತೆ, ಕಪ್ಪಿಲ್ಲದ್ದರಿಂದ ನೀಲಿಯಲ್ಲೇ ತುಂಬಿದನು. ಉಳಿದ ಎರಡರಲ್ಲಿ ನ ಎಂದೂ ದಿ ಎಂದೂ ಬರೆದನು.

ಇನ್ನು ಕುರ್ಚಿಯ ಮಾತು. ಡಾಕ್ಟರರು, ಅಚ್ಚಿನ ತಪ್ಪಿಗೆ ಶರಣಾದರೆ ಅದು ಶರಣಲ್ಲವೆಂದೂ, ಬಿಡಿಸಿದವನು ಭಕ್ತವತ್ಸಲನೇ ಆದ್ದರಿಂದ ಕುರ್ಚಿ ಅವನಿಗೇ ಸಲ್ಲಬೇಕೆಂದೂ ವಾದಿಸಿದರು. ಚಂದ್ರಚೂಡನು, ಆಡಿದ ಶರಣು ಆಡಿದ್ದೇ ಎಂದನು. ಮೇಡಂ ಕಣ್ಣುಮುಚ್ಚಿ ಆಲೋಚಿಸಿದರು. ಭಕ್ತವತ್ಸಲನು ಅವರ ತುಟಿಗಳನ್ನೇ ನೋಡುತ್ತಿದ್ದನು, ಬೇಡವೆಂದುಕೊಂಡರೂ ನೋಡುತ್ತಿದ್ದನು.

ಅವರ ತುಟಿಗಳು ತೆರೆಯುವ ಮೊದಲೇ, ಹೆಲ್ಮೆಟನ್ನು ಮೊಣಕೈಗೆ ಸಿಕ್ಕಿಸಿಕೊಂಡ ದಪ್ಪನೆಯ ಯುವಕನೊಬ್ಬನು ಒಳಗೆ ಬಂದು, ಕಿಕ್ಕಿರಿದ ಹೋಟೆಲನ್ನೂ ಖಾಲಿಯಿದ್ದ ಕುರ್ಚಿಯನ್ನೂ ನೋಡಿ, ಅದರಲ್ಲಿ ಕುಳಿತನು. ಭಟ್ಟರು ಮೊದಲ ಬೆಣ್ಣೆದೋಸೆಯನ್ನು ಎಂದಿನಂತೆ ತಂದು, ಎಂದಿನಂತೆ ಆ ಕುರ್ಚಿಯ ಮುಂದೆ ಇಟ್ಟು, ಯಾರು ಕೂತಿದ್ದಾರೆಂದೂ ನೋಡದೆ ಹೋದರು.

ಐವರೂ ನೋಡಿದರು. ಯುವಕನು ದೋಸೆಯ ಒಂದು ತುದಿಯನ್ನು ಮುರಿದನು, ಹಣೆ ಒರೆಸಿಕೊಂಡನು. ಇನ್ನೊಂದು ತುತ್ತು, ಕುತ್ತಿಗೆ ಒರೆಸಿಕೊಂಡನು. ತಲೆಯೆತ್ತಿ ಫ್ಯಾನನ್ನು ನೋಡಿದನು. ಅದು ತಿರುಗುತ್ತಲೇ ಇತ್ತು.

"ಏನ್ ಭಟ್ರೇ, ಈ ಫ್ಯಾನ್ ಸ್ವಲ್ಪ ಜೋರಾಗಿ ಹಾಕಿ."

"ಅದು ಅಷ್ಟೇ ಸಾರ್," ಎಂದರು ಕುಂದಾಪುರ ಕಡೆಯ ಭಟ್ಟರು. "ತಿರುಗ್ತದೆ. ಗಾಳಿ ಬರುದಿಲ್ಲ. ಕಂಡೆನ್ಸರ್ ಹೋಗಿ ಬಹಳ ವರ್ಷ ಆಯ್ತು ಮಾರಾಯ್ರೆ. ಅಲ್ಲಿ ಕೂತವರು ಯಾರೂ ಇದುವರೆಗೆ ಹೇಳ್ಲೇ ಇಲ್ಲ."

ಬೆಂಚಿನ ಮೇಲಿನ ನಾಲ್ಕು ಮುಖಗಳಲ್ಲಿ ಮೂರು ಭಕ್ತವತ್ಸಲನ ಕಡೆ ತಿರುಗಿದವು. ಚಂದ್ರಚೂಡನದು ಮಾತ್ರ ನಲ್ಲಿಯ ಕಡೆ ತಿರುಗಿತು.

"ಇಷ್ಟು ವರ್ಷ ಅಲ್ಲಿ ಬೆವರ್ತಾ ಕೂತಿದ್ರಾ?" ಎಂದರು ಮೇಡಂ.

"ಹೇಳಿಬಿಟ್ರೆ," ಎಂದನು ಭಕ್ತವತ್ಸಲ, "ಆಮೇಲೆ ಆ ಕುರ್ಚಿಗೆ ಯಾರು ಬಡಿದಾಡ್ತಿದ್ರು?" ಆಮೇಲೆ ಷಡ್ಡಕನನ್ನು ನೋಡಿ, "ಇವ್ನೂ ಒಂದ್ಸಲ ಕೂತಿದ್ನಲ್ಲ, ದೀಪಾವಳೀಲಿ. ಕೇಳಿ," ಎಂದನು.

"ಗಾಳಿ ಬರಲ್ಲ ಅಂತ ಅವತ್ತೇ ಗೊತ್ತಾಯ್ತು," ಎಂದನು ಚಂದ್ರಚೂಡ. "ಮತ್ತೆ ಯಾವಾಗ ಸಿಗುತ್ತೋ ಅಂತ ಕಾಯ್ತಿದ್ದೆ ಭಾವ." ಹೇಳಿ ಬೆಂಚಿನ ಮೇಲೆ ಸ್ವಲ್ಪ ಸರಿದು, "ಬನ್ನಿ, ನಿಂತೇ ಇದೀರಲ್ಲ, ಕೂತ್ಕೊಳ್ಳಿ," ಎಂದನು.

ಭಕ್ತವತ್ಸಲನು ಸಿಕ್ಕಷ್ಟು ಜಾಗದಲ್ಲಿ, ಅರ್ಧ ಬೆಂಚಿನ ಮೇಲೂ ಅರ್ಧ ಆಕಾಶದಲ್ಲೂ, ಕುಳಿತನು. ಹಿಂಬಾಗಿಲಿನಿಂದ, ಪಾತ್ರೆ ತೊಳೆಯುವ ಅಂಗಳದ ಕಡೆಯಿಂದ, ತಣ್ಣನೆಯ ಗಾಳಿ ನೇರವಾಗಿ ಆ ಬೆಂಚಿಗೇ ಬೀಸುತ್ತಿತ್ತು. ಯಾರೋ ಕೈ ತೊಳೆದು ಕೊಡವಿದರು; ನಾಲ್ಕು ಹನಿ ಅವನ ಕುತ್ತಿಗೆಗೆ ಬಿತ್ತು. ಒರೆಸಿಕೊಳ್ಳಲಿಲ್ಲ.

ಆಗ ಆ ಯುವಕನು ತಟ್ಟೆಯನ್ನು ಒಂದು ಕೈಯಲ್ಲೂ ಚಟ್ನಿಯ ಬಟ್ಟಲನ್ನು ಇನ್ನೊಂದರಲ್ಲೂ ಹಿಡಿದು ಸಿಂಹಾಸನದಿಂದೆದ್ದು ಬಂದು ಬೆಂಚಿನ ಮುಂದೆ ನಿಂತನು.

"ಇಲ್ಲಿ ಗಾಳಿ ಚೆನ್ನಾಗಿದೆ. ಸ್ವಲ್ಪ ಸರ್ಕೊಳ್ಳಿ ಸಾರ್."

ಐವರು ಮಹಾರಥಿಗಳೂ ಸರಿದರು.